ಡಬ್ಬಿಯ ಮೇಲಿನ ಹೆಸರು

"ಕಫದಲ್ಲಿ ಕ್ಷಯ ಸಿಕ್ಕಿದೆ ಅಣ್ಣಾ. ಗಾಬರಿ ಬೇಡ, ವಾಸಿ ಆಗೋ ಕಾಯಿಲೆ," ಎಂದಳು ಆರೋಗ್ಯ ಕಾರ್ಯಕರ್ತೆ, ಕುರ್ಚಿಯ ತುದಿಯಲ್ಲಿ ಕೂರುತ್ತ.

ಶಾಲೆಯ ವ್ಯಾನ್ ಓಡಿಸುವವನಿಗೆ ಆ ಮಾತು ಕೇಳಿ ಸಿಡಿಲು ಬಡಿದಂತಾಗಬೇಕಿತ್ತು. ಆದರೆ ಅವನ ಹಾಳು ಮನಸ್ಸಿಗೆ ಮೊದಲು ಆದದ್ದು ನೆಮ್ಮದಿ. ಡಬ್ಬಿಯ ಮೇಲಿದ್ದ ಹೆಸರು ಅವನದು, ಒಳಗಿದ್ದ ಕಫ ಅವನದಲ್ಲ.

ಮಕ್ಕಳನ್ನು ಕೂರಿಸಿಕೊಂಡು ಹೀಗೆ ಕೆಮ್ಮಿದರೆ ಹೇಗೆ, ಪರೀಕ್ಷೆ ಮಾಡಿಸು, ಇಲ್ಲವೇ ವ್ಯಾನಿನ ಕೀಲಿ ಇಟ್ಟು ಹೋಗು ಎಂದು ಶಾಲೆಯವರು ಕಡ್ಡಿ ಮುರಿದಂತೆ ಹೇಳಿದ್ದರು. ಕಾರ್ಯಕರ್ತೆ ಬಂದು, "ಬೆಳಿಗ್ಗೆ ಎದ್ದ ತಕ್ಷಣ ಎದೆಯಿಂದ ಕೆಮ್ಮಿ ತೆಗೀಬೇಕು, ಬರೀ ಎಂಜಲು ನಡೆಯಲ್ಲ" ಎಂದು ಡಬ್ಬಿ ಕೊಟ್ಟು ಹೋಗಿದ್ದಳು. ಮೀಸೆ ಮೂಡುವ ಮೊದಲೇ ಸಿಗರೇಟು ಹಿಡಿದವನಿಗೆ ತನ್ನ ಎದೆಯ ಮೇಲೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಡಬ್ಬಿಯನ್ನು ಹೆಂಡತಿಯ ಮುಂದೆ ಹಿಡಿದಿದ್ದ.

"ನೀನು ಗುಂಡುಕಲ್ಲಿನ ಹಾಗಿದ್ದೀಯ. ನಿಂದೇ ಕೊಡು ಮಾರಾಯ್ತಿ, ನನ್ನ ಕೆಲಸ ಉಳೀಲಿ."

"ಇದೊಂದು ಬಾಕಿ ಇತ್ತು ನೋಡಿ," ಎಂದು ಗೊಣಗಿಕೊಂಡೇ ಅವಳು ಹಿತ್ತಿಲಿಗೆ ಹೋಗಿ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಕಫ ತೆಗೆದು ತಂದಿದ್ದಳು. ಇಷ್ಟು ಸಲೀಸಾಗಿ ಕೆಲಸವಾಯಿತಲ್ಲ ಎಂದು ಅವನು ಖುಷಿಪಟ್ಟಿದ್ದ.

ಅದು ಅಷ್ಟು ಸಲೀಸಾದದ್ದು ಯಾಕೆಂದು ಈಗ ಹೊಳೆಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು ನೋಡಿದ. ಕೊರಳ ಮೂಳೆ ಎದ್ದು ಕಾಣುತ್ತಿತ್ತು. ಇವಳು ಯಾವಾಗ ಇಷ್ಟು ಸೊರಗಿದಳು? ಅವಳು ಹೇಳಬೇಡಿ ಎಂಬಂತೆ ತಲೆಯಾಡಿಸಿದಳು.

"ಆರು ತಿಂಗಳು ಮಾತ್ರೆ ತಪ್ಪಿಸಬಾರದು. ಸಿಗರೇಟು ಇವತ್ತಿಗೇ ಕೊನೆ," ಎನ್ನುತ್ತ ಕಾರ್ಯಕರ್ತೆ ಚೀಲ ಬಿಚ್ಚಿದಳು. "ಮನೇಲಿ ಬೇರೆ ಯಾರಿಗಾದರೂ ಕೆಮ್ಮು ಇದೆಯಾ?"

"ಯಾರಿಗೂ ಇಲ್ಲ," ಎಂದಳು ಹೆಂಡತಿ ಅವಸರದಿಂದ. "ಮಾತ್ರೆ ನನ್ನ ಕೈಗೆ ಕೊಡಿ. ನಾನೇ ನೋಡ್ಕೋತೀನಿ."

ಅವಳ ಉಪಾಯ ಅವನಿಗೆ ಅರ್ಥವಾಯಿತು. ಅವನ ಹೆಸರಿನ ಮಾತ್ರೆಯನ್ನು ಅವಳು ಗುಟ್ಟಾಗಿ ನುಂಗುತ್ತಾಳೆ. ಗಂಡ ಮೋಸ ಮಾಡಿದ ಎಂಬುದು ಶಾಲೆಯವರ ಕಿವಿಗೆ ಬೀಳುವುದಿಲ್ಲ, ವಾಸಿಯಾಯಿತು ಎಂದ ಮೇಲೆ ಕೀಲಿ ಮತ್ತೆ ಅವನ ಕೈಗೆ ಬರುತ್ತದೆ. ಇಂಥ ಕಾಯಿಲೆ ಇಟ್ಟುಕೊಂಡೂ ಇವಳು ನನ್ನ ಕೆಲಸದ ಚಿಂತೆ ಮಾಡುತ್ತಿದ್ದಾಳಲ್ಲ ಎಂದು ಅವನು ನಾಚಿಕೆಯಿಂದ ಕುಗ್ಗಿಹೋದ.

"ಅದು ನನ್ನ ಕಫ ಅಲ್ಲ ಸಿಸ್ಟರ್," ಎಂದ. "ಇವಳದು. ನಾನೇ ಹೇಳಿ ಕೊಡಿಸಿದ್ದು."

ಕಾರ್ಯಕರ್ತೆ ಬಯ್ಯಲಿಲ್ಲ. ಬಯ್ದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಹೊಸ ಡಬ್ಬಿಯೊಂದನ್ನು ಅವನ ಮುಂದಿಟ್ಟು, "ಇದರಲ್ಲಿ ನಿಮ್ಮದು ಕೊಡಿ. ಫಲಿತಾಂಶ ಬರೋವರೆಗೂ ವ್ಯಾನ್ ಹತ್ತಬೇಡಿ. ಅದರಲ್ಲಿ ಬರೋದು ಮಕ್ಕಳು," ಎಂದಳು. ಆಮೇಲೆ ಹೆಂಡತಿಯತ್ತ ತಿರುಗಿದಳು. "ಎಷ್ಟು ದಿನದಿಂದ ಈ ಕೆಮ್ಮು ಅಕ್ಕಾ?"

ಉತ್ತರ ಕೊಟ್ಟವನು ಗಂಡ.

"ಅದು ಕೆಮ್ಮು ಅಂತ ನನಗೆ ಗೊತ್ತೇ ಆಗಲಿಲ್ಲ ಸಿಸ್ಟರ್. ನಾನು ಸಿಗರೇಟು ಹಚ್ಚಿದಾಗೆಲ್ಲ ಕೆಮ್ಮೋಳು. ಆರಿಸಿ ಅಂತ ಕೆಮ್ಮಿನಲ್ಲೇ ಬೈತಾ ಇದಾಳೆ ಅಂದ್ಕೊಂಡಿದ್ದೆ."

"ಮೊದಮೊದಲು ಬೈತಾನೇ ಇದ್ದೆ," ಎಂದಳು ಹೆಂಡತಿ. "ಯಾವಾಗ ನಿಜವಾಯ್ತೋ, ನನಗೂ ಗೊತ್ತಾಗಲಿಲ್ಲ."