ಕಾಳಮ್ಮ ಹತ್ತರಿ ಹಿಡಿದ ದಿನ

ಮೈಸೂರಿನ ಬಡಗಿ ಲಿಂಗಾಚಾರರಿಗೆ ಆ ಶನಿವಾರ ಊಟವೇ ಸೇರಲಿಲ್ಲ...

ಮರುದಿನ ಅವರ ಮರಗೆಲಸದ ಕ್ಲಾಸು. ಬರುವವರೆಲ್ಲ ಬ್ಯಾಂಕಿನವರು, ಟೀಚರುಗಳು... ಉಳಿ ಹಿಡಿದು ಗೊತ್ತೇ ಇಲ್ಲದವರು.

ಹೋದ ಸಲವೂ ಹೀಗೇ ಕ್ಲಾಸು ಮಾಡಿದ್ದರು. ಮೊದಲ ಭಾನುವಾರ ಹಾಲ್ ತುಂಬಿತ್ತು. ಎರಡನೇ ಭಾನುವಾರ ಒಂದು ನರಪಿಳ್ಳೆಯೂ ಇಲ್ಲ.

ಕೆಲಸ ಕಷ್ಟವಾಗಿ ಓಡಿಹೋದರು ಎಂದುಕೊಂಡರು ಆಚಾರರು. ಈ ಸಲವೂ ಹಾಗಾದರೆ ಕಲಿಸುವ ಆಸೆಯನ್ನೇ ಬಿಡುವುದು ಎಂದು ಮನಸ್ಸು ಗಟ್ಟಿಮಾಡಿಕೊಂಡಿದ್ದರು.

ಅದಕ್ಕೇ ವಾರವಿಡೀ ತಯಾರಿ. ಕಲಿಸಬೇಕಾಗಿದ್ದು ಊಟಕ್ಕೆ ಕೂರುವ ಮಣೆ. ಹಲಗೆ ತಾವೇ ಕೊಯ್ದರು, ಮರ ಹೆರೆಯುವ ಹತ್ತರಿಯನ್ನು ತಾವೇ ಹೊಡೆದು ನುಣುಪು ಮಾಡಿದರು, ಮೊಳೆಗೆ ತೂತನ್ನೂ ತಾವೇ ಕೊರೆದರು. ಬಂದವರು ಮೊಳೆ ಹೊಡೆದರೆ ಮುಗಿಯಿತು!

ಪರೀಕ್ಷೆಗೆಂದು ಹೆಂಡತಿ ಕಾಳಮ್ಮನನ್ನು ಕರೆದರು. "ಬಾರೇ ಇಲ್ಲಿ, ನೀನೇ ಮೊದಲ್ನೇ ಸ್ಟೂಡೆಂಟು. ಇದನ್ನ ಜೋಡಿಸು ನೋಡಾನ."

ಕಾಳಮ್ಮ ಸೆರಗು ಸಿಕ್ಕಿಸಿ ಕೂತರು. ಒಂದು ಒಗ್ಗರಣೆ ಹಾಕುವಷ್ಟರಲ್ಲಿ ಮಣೆ ರೆಡಿ.

"ಚೆನ್ನಾಗದೆ. ನೀವು ಮಾಡಿದ್ದು ಯಾವತ್ತು ಚೆನ್ನಾಗಿರಕಿಲ್ಲ?" ಎಂದು ಏಳಹೊರಟರು.

"ಮಾಡಿದ್ದು ನೀನು ಕಣೇ."

"ಸುಮ್ನಿರಿ, ನಾನೇನ್ ಮಾಡ್ದೆ? ಮೊಳೆ ಹೊಡ್ದೆ ಅಷ್ಟೇಯ."

ಆಚಾರರ ಮುಖ ಸಪ್ಪಗಾಯಿತು.

ಕಾಳಮ್ಮ ಹೋಗದೆ ನಿಂತರು. ಮೆಲ್ಲಗೆ ಕೇಳಿದರು... "ರೀ, ಆ ಹತ್ತರೀನ ಒಂದ್ಸಲ ನಾನೂ ಹಿಡೀಲಾ?"

ಆಚಾರರು ಒಂದು ಒರಟು ಹಲಗೆ ಕೊಟ್ಟರು. ಕಾಳಮ್ಮ ತಳ್ಳಿದರೆ ಹತ್ತರಿ ಅಲ್ಲೇ ಕಚ್ಚಿಕೊಂಡಿತು.

"ಹಂಗಲ್ಲ, ಕೊಡು ಇಲ್ಲಿ..." ಆಚಾರರ ಕೈ ತಾನಾಗಿಯೇ ಮುಂದೆ ಬಂತು. ಕಾಳಮ್ಮ ಬಿಡಲಿಲ್ಲ. "ಒಸಿ ತಾಳಿ ಅಂದ್ರೆ."

ಆಚಾರರಿಗೆ ಥಟ್ಟನೆ ಹೊಳೆಯಿತು. ಹೋದ ಸಲ ಕ್ಲಾಸಿನಲ್ಲಿ ತಾವು ಒಬ್ಬೊಬ್ಬರಿಗೂ ಹೇಳಿದ್ದು ಇದೇ "ಕೊಡಿ ಇಲ್ಲಿ" ಎಂಬ ಮಾತು! ಚೂರು ತಪ್ಪಿದರೂ ಕಿತ್ತುಕೊಂಡು ತಾವೇ ಮುಗಿಸಿದ್ದರು. ಈಗಂತೂ ಶುರುವಾಗುವ ಮೊದಲೇ ಎಲ್ಲ ಮುಗಿಸಿ ಕೂತಿದ್ದಾರೆ.

ಕೈ ಹಿಂದಕ್ಕೆ ಕಟ್ಟಿಕೊಂಡರು.

ಕಾಳಮ್ಮ ಮತ್ತೆ ತಳ್ಳಿದರು... ತೆಳ್ಳನೆಯ ಸಿಪ್ಪೆ ಸುರುಳಿ ಸುತ್ತಿಕೊಂಡು ಬಂತು. ಅಂಗೈಯಲ್ಲಿಟ್ಟುಕೊಂಡು ನಕ್ಕರು. ನಗುತ್ತಲೇ ಕಣ್ಣು ತುಂಬಿದವು.

"ಮದ್ವೆಯಾದಾಗಿಂದ ಇದನ್ನ ಗುಡಿಸಿ ಗುಡಿಸಿ ಒಲೆಗೆ ಹಾಕಿದ್ದೇ ಬಂತು... ಬರೋವಾಗ ಇಷ್ಟು ಚೆಂದಾಗಿ ಬತ್ತದೆ ಅಂತ ಇವತ್ತೇ ಗೊತ್ತಾಗಿದ್ದು."

ಆಚಾರರಿಗೆ, ಜೀವಮಾನವೆಲ್ಲ ಈ ಸುಖವನ್ನು ನಾನೊಬ್ಬನೇ ಉಂಡೆನಲ್ಲ ಎನಿಸಿತು. ನುಣುಪು ಹಲಗೆಗಳನ್ನು ಒಳಗಿಟ್ಟು, ಒರಟು ಹಲಗೆಗಳನ್ನೇ ಕ್ಲಾಸಿಗೆ ಎತ್ತಿಟ್ಟರು.

ಭಾನುವಾರ ಒಬ್ಬರ ಮಣೆ ಓರೆ, ಇನ್ನೊಬ್ಬರದು ಕುಂಟು. ಆಚಾರರು ಬಾಯಲ್ಲೇ ಹೇಳಿಕೊಟ್ಟರು, ಕೈ ಹಾಕಲಿಲ್ಲ. ಅದೇನು ಸುಲಭವೇ? ಹಲ್ಲು ಕಚ್ಚಿ ನಿಂತಿದ್ದರು.

ಮುಂದಿನ ಭಾನುವಾರ ಯಾರಾದರೂ ಬಂದಾರೋ ಇಲ್ಲವೋ ಎಂದುಕೊಂಡು ಬಂದರೆ... ಎಲ್ಲರೂ ಆಗಲೇ ಬಾಗಿಲಲ್ಲಿ ಕಾಯುತ್ತಿದ್ದರು. ಬ್ಯಾಂಕಿನವರೊಬ್ಬರ ಜೊತೆ ಅವರ ಹೆಂಡತಿಯೂ.

"ಸರ್, ತಾವೇ ಮಾಡಿದ್ದು ಅಂತ ಆ ಕುಂಟು ಮಣೆ ಮೇಲೆ ಇವರು ಮನೇಲಿ ಯಾರನ್ನೂ ಕೂರೋಕೆ ಬಿಡ್ತಿಲ್ಲ. ನಂಗೂ ಒಂದು ಮಾಡೋದು ಹೇಳ್ಕೊಡಿ."

ಆಚಾರರು ಪಕ್ಕಕ್ಕೆ ತಿರುಗಿ, ತಮ್ಮ ಜೊತೆ ಬಂದಿದ್ದ ಕಾಳಮ್ಮನನ್ನು ತೋರಿಸಿದರು. "ಅವರ ಹತ್ರ ಕೂತ್ಕೊಳಿ ತಾಯಿ. ಹತ್ತರಿ ಹಿಡಿಯೋದು ಅವರೇ ಹೇಳ್ಕೊಡ್ತಾರೆ."

ಎಲ್ಲವನ್ನೂ ಮಾಡಿಕೊಡುವುದು ಪ್ರೀತಿಯೇ... ತಪ್ಪಲು ಬಿಟ್ಟು ಪಕ್ಕದಲ್ಲಿ ನಿಲ್ಲುವುದು ಇನ್ನೂ ದೊಡ್ಡ ಪ್ರೀತಿ.

ನಿಮ್ಮ ಮನೆಯಲ್ಲಿ "ಕೊಡು ಇಲ್ಲಿ, ನಾನೇ ಮಾಡ್ತೀನಿ" ಎನ್ನುವವರು ಯಾರು... ನೀವೇ ಅಲ್ಲ ತಾನೇ?