ಭಾರದ ಮನೆಯ ಖೋ-ಖೋ

ಚಂದ್ರನ ಮೇಲಿನ ಊರಿನಲ್ಲಿ ಬೇಸಿಗೆ ರಜೆ ಬಂತೆಂದರೆ ಮಕ್ಕಳನ್ನೆಲ್ಲ ಭಾರದ ಮನೆಯ ಶಿಬಿರಕ್ಕೆ ಕಳಿಸುತ್ತಿದ್ದರು. ಅಲ್ಲಿ ಮೈ ಚಂದ್ರನ ಮೇಲಿನಂತೆ ಹಗುರವಾಗಿರದೆ, ಭೂಮಿಯ ಮೇಲಿದ್ದಷ್ಟೇ ತೂಗುತ್ತಿತ್ತು. ಚಂದ್ರನಲ್ಲೇ ಹುಟ್ಟಿ ಬೆಳೆದ ಒಂಬತ್ತು ವರ್ಷದ ಇಂಚರಾ ಮೊದಲ ದಿನ ಖೋ-ಖೋ ಆಡಲು ಹೋಗಿ, ಎರಡೇ ಹೆಜ್ಜೆಗೆ ಧೊಪ್ಪನೆ ಬಿದ್ದಳು.

“ನನ್ನ ಕೈಲಿ ಆಗಲ್ಲ ಮಿಸ್, ಮನೆಗೆ ಹೋಗ್ತೀನಿ,” ಎಂದು ಅತ್ತಳು.

ಆಟ ಕಲಿಸುತ್ತಿದ್ದ ಜುಬೇದಾ ಮಿಸ್ ಪಕ್ಕದಲ್ಲೇ ಕುಳಿತರು. “ಭೂಮಿಗೆ ಹೋಗಿ ಸಮುದ್ರ ನೋಡ್ಬೇಕು ಅಂತಿದ್ಯಲ್ಲ ಪುಟ್ಟಿ? ಅಲ್ಲಿ ನಡೆಯೋಕೆ ಕಾಲು ಗಟ್ಟಿಯಾಗ್ಬೇಕು. ಇವತ್ತು ಮೂರು ಹೆಜ್ಜೆ ಓಡು, ಸಾಕು.”

ಇಂಚರಾ ಕಣ್ಣೊರೆಸಿಕೊಂಡು ಮೂರು ಹೆಜ್ಜೆ ಓಡಿದಳು.

ಇಪ್ಪತ್ತನೆಯ ದಿನ ಕಂಬದಿಂದ ಕಂಬಕ್ಕೆ ಅಟ್ಟಿಸಿಕೊಂಡು ಹೋಗಿ, ಎದುರಾಳಿಯ ಬೆನ್ನು ಮುಟ್ಟಿ “ಔಟ್!” ಎಂದು ಕೂಗಿದಳು. ಎದೆ ಡವಡವ ಹೊಡೆಯುತ್ತಿತ್ತು. ಕರೆದುಕೊಂಡು ಹೋಗಲು ಬಂದಿದ್ದ ಅಪ್ಪನ ಕಡೆ ತಿರುಗಿ, “ಇನ್ನೊಂದಾಟ ಇದೆ, ಕೂತ್ಕೊಳ್ಳಪ್ಪ!” ಎಂದಳು.