ಐದನೆಯ ಒಡತಿ

ಗಿಳಿಗಳು ಮುನ್ನೂರು ವರ್ಷ ಬದುಕತೊಡಗಿದ ಮೇಲೆ, ಸತ್ತವರ ಗಿಳಿ ಇನ್ನೊಬ್ಬರ ಮನೆ ಸೇರುವುದು ಮಾಮೂಲಾಗಿತ್ತು. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಕೊಟ್ರಮ್ಮ ತನ್ನ ಗಿಳಿಗೆ ಐದನೆಯ ಒಡತಿ. ಅದು ಮಂಡಕ್ಕಿಯನ್ನೂ ಮುಟ್ಟದೆ ಮಂಕಾಗಿ ಕೂತಿರುತ್ತಿತ್ತು. ಬೆಳಿಗ್ಗೆ ಅವಳು "ಬರ್ತೀನಿ" ಎಂದರೆ ಸಾಕು, ಹಾಗೆಂದು ಹೊರಟು ಮರಳದ ಹಿಂದಿನ ನಾಲ್ವರ ದನಿಯಲ್ಲೂ "ಬರ್ತೀನಿ, ಬರ್ತೀನಿ" ಎಂದು ಕೂಗುತ್ತ ಗರಿ ಕಿತ್ತುಕೊಳ್ಳುತ್ತಿತ್ತು.

ಒಂದು ದಿನ ಮೈಕೈ ನೋವಿನಲ್ಲಿ ಕೊಟ್ರಮ್ಮ ಬಾಯಿ ತಪ್ಪಿ "ಹೋಗ್ತೀನಿ" ಎಂದುಬಿಟ್ಟಳು.

"ಹಂಗನ್ನಬಾರ್ದು, ಬರ್ತೀನಿ ಅನ್ನು," ಎಂದಳು ಪಕ್ಕದ ಮನೆಯ ಹಾಲಮ್ಮ.

"ಬರ್ತೀನಿ ಅಂದೋರು ಎಲ್ಲಿ ಬಂದ್ರು ಬಿಡು," ಎಂದು ಕೊಟ್ರಮ್ಮ ಚಪ್ಪಲಿ ಮೆಟ್ಟಿಕೊಂಡಳು.

ಅವತ್ತು ಗಿಳಿ ಕೂಗಲಿಲ್ಲ.

ಸಂಜೆ ಹೊಗೆ ವಾಸನೆಯ ಸೀರೆಯಲ್ಲಿ ಅವಳು ಬಾಗಿಲು ತೆಗೆದಾಗ, ಗಿಳಿ ಸತ್ತವರ್ಯಾರದೂ ಅಲ್ಲದ ತನ್ನದೇ ಕೀರಲು ದನಿಯಲ್ಲಿ ಕೇಳಿತು: "ಬಂದ್ಯಾ?"